ಗುಂಡಿಗೆ ನಾಲ್ಕು ತೂತು

ಮಾಂತಾ ಬಂದರಿನಿಂದ ಬಸ್ಸಿನಲ್ಲಿ ಒಂದೂವರೆ ತಾಸು.
ತಗಡಿನ ಸೂರು, ಎಂಟು ಗರಗಸ,
ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ
ಹುಬ್ಬಿನ ತನಕ ಬೆಳ್ಳಗಾದ ಹೆಂಗಸರು.
ಕಿಟಕಿಯ ಬೆಳಕಿಗೆ ಕೂತವಳು ಎಲೋಡಿಯಾ ಪಿಂಕಾಯ್.
ಆರಿಸುವುದು ಅವಳ ಕೆಲಸ.

ಮರದ ಹೆಸರು ತಾಗುವಾ.
ತಾಳೆಯ ಬಳಗ, ಆದರೂ ಎತ್ತರದ ಹಂಬಲವಿಲ್ಲ.
ಎಳೆಗಾಯಲ್ಲಿ ನೀರು, ಹುಡುಗರು ಕೊಚ್ಚಿ ಕುಡಿಯುತ್ತಾರೆ.
ಬಿಟ್ಟರೆ ಗಂಜಿ, ಇನ್ನೂ ಬಿಟ್ಟರೆ
ಆನೆಯ ದಂತಕ್ಕೆ ಸವಾಲು ಹಾಕುವ ಗಟ್ಟಿ.
ಅವಸರಪಟ್ಟರೆ ಬಿರುಕು.
ಕಾಯಿ ಬಿಸಿಲಿಗೆ ಕಾಯಬೇಕು,
ಅದು ಕಾಯಲೆಂದು ನಾವು ಕಾಯಬೇಕು,
ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಲಗಲ ಅನ್ನುವ ತನಕ.
ಆಮೇಲೆ ಬಿಲ್ಲೆ. ಆಮೇಲೆ ರುಫೀನೋನ ಕೊರೆಯುವ ಯಂತ್ರ:
ಗುಂಡಿಗೆ ನಾಲ್ಕು ತೂತು,
ರುಫೀನೋನ ಬಲಗೈಗೆ ನಾಲ್ಕು ಬೆರಳು.

ಅಜ್ಜಿ ವಿಸಿತಾಸಿಯೋನ್ ಕೂಡ ಆರಿಸುವವಳೇ.
ಆಗ ಹಡಗು ಹಡಗೇ ತುಂಬಿ ಹೋಗುತ್ತಿತ್ತಂತೆ,
ಹ್ಯಾಂಬರ್ಗಿಗೆ, ಜಿನೋವಾಕ್ಕೆ,
ಎಂದೂ ನೋಡದ ಸಿಪಾಯಿಗಳ ಎದೆಯ ಮೇಲಕ್ಕೆ.
ಒಂದು ವರ್ಷ ಹಡಗು ಬಂತು, ಮೂಟೆ ಎತ್ತಲಿಲ್ಲ.
ದಲ್ಲಾಳಿ ಜೇಬಿನಿಂದ ಒಂದು ಗುಂಡಿ ತೆಗೆದು
ಮೇಜಿನ ಮೇಲಿಟ್ಟ. ಕೆಂಪು.
ಯಾವ ಮರಕ್ಕೂ ಯಾವ ಹಣ್ಣಿಗೂ ಗೊತ್ತಿರದ ಕೆಂಪು.
ಕುದಿಸಿದರೂ ಮೆತ್ತಗಾಗದು, ನಿಮಿಷಕ್ಕೆ ಇನ್ನೂರು,
ಇನ್ನೂರಕ್ಕೂ ಒಂದೇ ಮುಖ.
ಅಜ್ಜಿ ಕಚ್ಚಿ ನೋಡಿದಳು.
"ರುಚಿಯಿಲ್ಲ."
ಮುಂದಿನ ವಾರ ಕಂಡವರ ಬಟ್ಟೆ ಒಗೆಯಲು ಹೋದಳು.
ಒಗೆದ ಅಂಗಿಗಳಲ್ಲೆಲ್ಲ ಅದೇ ಕೆಂಪು, ಅದರ ನೀಲಿ ತಮ್ಮಂದಿರು,
ಎಷ್ಟು ಬಡಿದರೂ ಒಡೆಯದೆ.

ಗುಡ್ಡದ ತಾಗುವಾ ಕಡಿದು ದನಕ್ಕೆ ಹುಲ್ಲು ಬೆಳೆದರು.
ತಪ್ಪು ಅನ್ನಲಾರೆ. ಹೊಟ್ಟೆಗೆ ಗುಂಡಿ ಹಾಕಿ
ಮುಚ್ಚಿಡುವುದು ಆಗುತ್ತದೆಯೇ?

ಈಗ ಬೆರ್ಗಮೋದಿಂದ ಕಾಗದ:
"ತಮ್ಮ ಹೊಸ ಪದಾರ್ಥ ನಮಗೆ ಬಹಳ ಮೆಚ್ಚುಗೆಯಾಯಿತು."
ಹೊಸ! ಓದಿ ಹೇಳಿದವನ ಬೆನ್ನಿಗೆ ಗುದ್ದಿ ನಕ್ಕಳು ಎಲೋಡಿಯಾ,
ಬಿಳಿ ಪುಡಿ ಉದುರುವಂತೆ.
ಕೆಳಗೆ ಸಣ್ಣಕ್ಷರದಲ್ಲಿ ಷರತ್ತು:
ಕಂದು ಗೆರೆ ಇರಕೂಡದು. ಬಣ್ಣ ಒಂದೇ ಇರಬೇಕು.
ಅಂದರೆ ಪ್ಲಾಸ್ಟಿಕ್ಕಿನಂತಿರಬೇಕು, ಪ್ಲಾಸ್ಟಿಕ್ ಆಗಿರಬಾರದು.
ಮೂರರಲ್ಲಿ ಒಂದು ಹೀಗೆ ಬುಟ್ಟಿಗೆ ಬೀಳುತ್ತದೆ,
ಮುಖದಲ್ಲಿ ಮರ ಕಂಡಿತೆಂಬ ತಪ್ಪಿಗೆ.
ಪುಡಿ ಹಂದಿಗೆ, ಚಿಪ್ಪು ಒಲೆಗೆ,
ಆರಿಸಿದ್ದು ಸಾವಿರಕ್ಕೊಂದರಂತೆ ಪ್ಲಾಸ್ಟಿಕ್ ಚೀಲಕ್ಕೆ.
ಹೌದು. ಸಮುದ್ರದ ತೇವ ಬಡಿದರೆ ಉಬ್ಬುತ್ತದೆ,
ಬೇರೆ ಚೀಲ ಇನ್ನೂ ಯಾರೂ ತಂದಿಲ್ಲ.
ಅದಕ್ಕೂ ನಕ್ಕಳು, ಸ್ವಲ್ಪ ಸಣ್ಣಗೆ.

ಅಕ್ಕನ ಮಗ ಇಳಿಜಾರಿನಲ್ಲಿ ನಲವತ್ತು ಸಸಿ ನೆಟ್ಟಿದ್ದಾನೆ.
ಕಾಯಿಗೆ ಹದಿನಾಲ್ಕು ವರ್ಷ, ಒಂದು ವನವಾಸ.
ಹೆಣ್ಣುಮರಕ್ಕಷ್ಟೇ ಕಾಯಿ; ಯಾವುದು ಹೆಣ್ಣೆಂದು
ಹೂ ಬಿಡುವ ತನಕ ಮರವೂ ಬಾಯಿ ಬಿಡದು.
"ಎಲ್ಲ ಗಂಡೇ ಆದರೆ?"
"ನೆರಳಾಗುತ್ತದೆ ಬಿಡು, ಚಿಕ್ಕಮ್ಮ."

ಭಾನುವಾರ ಅವಳು ಅಜ್ಜಿಯ ಬಿಸ್ಕತ್ತು ಡಬ್ಬಿ ತೆಗೆದಳು.
ದಾರ, ತುಕ್ಕು ಹಿಡಿದ ಸೂಜಿ, ಎರಡು ಗುಂಡಿ.
ತಾಗುವಾದ್ದು ಹಳದಿಗಟ್ಟಿದೆ,
ಕೊನೆಗಾಲದ ಅಜ್ಜಿಯ ಹಲ್ಲಿನ ಹಾಗೆ,
ಒಂದು ಅಂಚು ಹುಳು ತಿಂದಿದೆ.
ದಲ್ಲಾಳಿಯದು ಕೆಂಪು. ಮೊನ್ನೆ ತಂದಷ್ಟು ಕೆಂಪು.
ಅಜ್ಜಿ ಕಚ್ಚಿದ ಗುರುತೂ ಇಲ್ಲ.

ಎಸೆಯೋಣವೆಂದು ಹೊರಗೆ ಬಂದಳು.
ಹೊಳೆಗೆ ಹಾಕಿದರೆ ಮೀನಿನ ಹೊಟ್ಟೆ.
ಒಲೆಗೆ ಹಾಕಿದರೆ ಮನೆಯವರ ಗಂಟಲು.
ಗುಂಡಿ ತೋಡಿ ಹೂಳಿದರೆ ಗುಂಡಿಯಾಗಿಯೇ ಇರುತ್ತದೆ,
ನಲವತ್ತು ಸಸಿಯ ಬೇರು ಸುತ್ತಿಕೊಂಡು.
ಕೋಳಿ ಹತ್ತಿರ ಬಂತು, ಕಾಳೆಂದುಕೊಂಡು.
ಹುಶ್ ಎಂದಳು.
ಅಂಗೈ ಬಿಗಿಹಿಡಿದು ಅಂಗಳದಲ್ಲಿ
ಬಿಸಿಲು ಏರುವ ತನಕ ನಿಂತೇ ಇದ್ದಳು.
ಆಮೇಲೆ ಒಳಗೆ ಹೋಗಿ, ಮತ್ತೆ ಡಬ್ಬಿಗೇ ಹಾಕಿ,
ಮುಚ್ಚಳದ ಮೇಲೆ ಒಂದು ಕಲ್ಲಿಟ್ಟಳು.